ಕ್ಯಾಲೆಂಡರಿನ ಚುಕ್ಕೆ

ರೋಣದಲ್ಲಿರುವ ನಮ್ಮಕ್ಕನ ಅಡುಗೆಮನೆಯಲ್ಲಿ ಗದುಗಿನ ಸಂಕೇಶ್ವರ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು, ಎಲ್ಲವನ್ನೂ ಆಕೆ ಅದರಲ್ಲೇ ಬರೆದಿಡುವುದು. ಈ ಜನವರಿಯ ಒಂದು ತಾರೀಖಿನ ಮೇಲೆ ಮಾತ್ರ ಅಕ್ಷರವಿರಲಿಲ್ಲ. ನೀಲಿ ಪೆನ್ನಿನ ಒಂದು ಚುಕ್ಕೆ, ಅಷ್ಟೇ. ಅದು ಹುಬ್ಬಳ್ಳಿಗೆ ಪೆಟ್-ಸಿಟಿ ಸ್ಕ್ಯಾನಿಗೆ ಹೋಗುವ ದಿನ. ಮನೆಗೆ ಬಂದವರು ಓದಿಬಿಟ್ಟಾರೆಂದು ಚುಕ್ಕೆ ಇಟ್ಟಿದ್ದಳು.

ಅಕ್ಕನಿಗೆ ಕುತ್ತಿಗೆಯ ಗಂಟಿನಿಂದ ಶುರುವಾದದ್ದು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ತಿಳಿದಿತ್ತು. ಕೆಲವು ಕೀಮೋ ಮುಗಿದಿದ್ದವು, ಮದ್ದು ಹಿಡಿಯುತ್ತಿದೆಯೇ ಎಂದು ನೋಡುವ ಸ್ಕ್ಯಾನ್ ಇದು. ನಮ್ಮ ಕಡೆ ಈ ರೋಗದ ಹೆಸರು ಹೇಳುವುದಿಲ್ಲ. "ಆ ಬ್ಯಾನಿ" ಎಂದು ದನಿ ತಗ್ಗಿಸುತ್ತಾರೆ. ಸ್ಕ್ಯಾನಿನ ಹಿಂದಿನ ದಿನ ಮೈಬಗ್ಗಿಸಿ ದುಡಿಯಬಾರದು, ದುಡಿದರೆ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಚಿತ್ರ ಕೆಡುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಕಡಲೆ ಕೀಳುವ ಹೊತ್ತು. ಯಾಕೆ ಹೊಲಕ್ಕೆ ಬರಲಿಲ್ಲ ಎಂದು ಓಣಿಯವರು ಕೇಳಿದರೆ "ಸೊಂಟ ಹಿಡದೈತ್ರಿ" ಎಂದು ಸುಳ್ಳು ಹೇಳಿದಳು. ಜೀವಮಾನವಿಡೀ ಸುಳ್ಳು ಹೇಳದವಳು.

ನರಗುಂದ, ನವಲಗುಂದದ ಮೇಲೆ ಹೋಗುವ ಬೆಳಗಿನ ಬಸ್ಸು. ಎರಡೂ ಕಡೆ ಎರಿಹೊಲ, ಮಂಜಿಗೆ ನೆನೆದ ಕಡಲೆ. ಸುಲಗಾಯಿ ಮಾರುವವರು ಬಸ್ಸಿನ ಕಿಟಕಿಗೆ ಬಂದರು. ಆರು ತಾಸು ಹೊಟ್ಟೆ ಖಾಲಿ ಇರಬೇಕಾದ್ದರಿಂದ ಅಕ್ಕ ಮುಖ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಮೊದಲು ರಕ್ತದ ಸಕ್ಕರೆಯ ಮಟ್ಟ ನೋಡಿ, ವಿಕಿರಣ ಬೆರೆತ ಗ್ಲೂಕೋಸಿನ ಸೂಜಿಮದ್ದು ಕೊಡುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ಬಲ ಅರ್ಧಕ್ಕಿಳಿಯುವುದರಿಂದ ಅದನ್ನು ಕೂಡಿಟ್ಟುಕೊಳ್ಳುವಂತಿಲ್ಲ. ಮದ್ದಿನ ಗಾಡಿ ತಡವಾದರೆ ಸರದಿಯೇ ಹಿಂದಕ್ಕೆ ಹೋಗುತ್ತದೆ. ಆಮೇಲೆ ಒಂದು ತಾಸು ಅಲುಗಾಡದೆ, ಮಾತಾಡದೆ ಕೂರಬೇಕು. ಸಂಜೆ ಮನೆಗೆ ಬಂದರೂ ಮೊಮ್ಮಗಳನ್ನು ಕೆಲವು ತಾಸು ಎತ್ತಿಕೊಳ್ಳುವ ಹಾಗಿಲ್ಲ. ಮಗು ಬಾಗಿಲಲ್ಲಿ ನಿಂತು ಅತ್ತಿತು, ಅಕ್ಕ ಒಳಗಿನ ಕೋಣೆಯಲ್ಲಿ ಅತ್ತಳು.

ಇಷ್ಟನ್ನೂ ತಾಳಬಹುದಿತ್ತು. ತಾಳಲಾಗದ್ದು ಕೌಂಟರಿನಲ್ಲಿ ಸಿಕ್ಕ ಉತ್ತರ. ರಿಪೋರ್ಟ್ ಯಾವಾಗ ಎಂದು ಕೇಳಿದೆ. "ಫೋನ್ ಬರ್ತೈತ್ರಿ" ಎಂದರು. ದಿನವಿಲ್ಲ, ಹೊತ್ತಿಲ್ಲ, ಫೋನ್ ಮಾಡುವವರ ಹೆಸರಿಲ್ಲ.

ಕಾಯುವುದು ನಮ್ಮ ಸೀಮೆಗೆ ಹೊಸತಲ್ಲ. ಬಿತ್ತಿ ಮಳೆಗೆ ಕಾಯುತ್ತೇವೆ. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಹೂಡಿದ ಪೆಂಡಾಲಿನಡಿ ರೈತರು ವರ್ಷಗಟ್ಟಲೆ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು, ಆ ಮೇಲೂ ಕಾದರು. ಆದರೆ ಆ ಕಾಯುವಿಕೆಯಲ್ಲಿ ಪಕ್ಕದಲ್ಲೊಬ್ಬ ಇದ್ದ. ಬುತ್ತಿ ಬಿಚ್ಚಿದರೆ ನಾಲ್ಕು ಕೈ ಬರುತ್ತಿದ್ದವು. ಸ್ಕ್ಯಾನಿನ ರಿಪೋರ್ಟಿಗೆ ಕಾಯುವವರನ್ನು ನಾವು ಒಂಟಿಯಾಗಿ ಕೂರಿಸಿದ್ದೇವೆ, ಅದೂ ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿ. ನನಗೆ ಸಂಕಟವಾಗುವುದು ಇದಕ್ಕೆ.

ಅಮೆರಿಕದ ಲೇಖಕ ಬ್ರೂಸ್ ಫೈಲರ್, ತಾನೂ ಮೂಳೆಯ ಕ್ಯಾನ್ಸರ್ ಕಂಡವರು, 2011ರಲ್ಲಿ 'ಟೈಮ್' ಪತ್ರಿಕೆಯಲ್ಲಿ ಈ ಭಯವನ್ನು 'ಸ್ಕ್ಯಾನ್‌ಝೈಟಿ' ಎಂದು ಕರೆದರು. ಕನ್ನಡದಲ್ಲಿ ಬಿ.ವಿ. ಭಾರತಿ ಅವರು ತಮ್ಮ ಕ್ಯಾನ್ಸರ್ ದಿನಗಳನ್ನು 'ಸಾಸಿವೆ ತಂದವಳು' ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೆಸರಿಟ್ಟರೆ ಭಯ ಹೋಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರೇ ಇಲ್ಲದ ಭಯವನ್ನು ಇನ್ನೊಬ್ಬರ ಮುಂದೆ ಇಡುವುದಾದರೂ ಹೇಗೆ?

ರಿಪೋರ್ಟಿಗೆ ಕಾದ ಆ ನಾಲ್ಕು ದಿನ ಅಕ್ಕ ರೊಟ್ಟಿ ಬಡಿದಳು. ಮನೆಯಲ್ಲಿರುವವರು ಐದು ಮಂದಿ, ಆಕೆ ಬಡಿದ ಖಡಕ್ ರೊಟ್ಟಿ ಒಂದು ಬುಟ್ಟಿ. ಬೇಡವೆಂದರೆ "ಕೈ ಆಡಾಕತ್ತಿದ್ರ ತಲಿ ಸುಮ್ಕಿರತೈತಿ, ತಮ್ಮಾ" ಎಂದಳು. ತಟ್ಟುವ ಲಯಕ್ಕೆ ಉಸಿರು ತಾನಾಗಿ ನೆಟ್ಟಗಾಗುತ್ತಿದ್ದುದನ್ನು ನಾನು ಕಂಡೆ. ಹಗಲು ಹೀಗೆ ಕಳೆಯುತ್ತಿತ್ತು. ರಾತ್ರಿ ಮೂರರ ಹೊತ್ತಿಗೆ ಎದ್ದು ಕೂತು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಂಥ ಹೊತ್ತಿಗೆಂದೇ 14416 ಎಂಬ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ದಿನದ 24 ತಾಸೂ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ನನಗದು ಗೊತ್ತಾದದ್ದು ಆಮೇಲೆ.

"ತಡ ಆಗಾಕತ್ತೈತಿ ಅಂದ್ರ ಏನೋ ಐತಿ" ಎಂಬುದು ಆಕೆಯ ದೊಡ್ಡ ಅಂಜಿಕೆ. ನಿಜದಲ್ಲಿ ತಡಕ್ಕೆ ಕಾರಣ ಬೇರೆಯೇ ಇರುತ್ತದೆ. ವೈದ್ಯರು ನೂರಾರು ಚಿತ್ರಗಳನ್ನು ಹಳೆಯ ಸ್ಕ್ಯಾನಿನ ಜೊತೆ ಒಂದೊಂದಾಗಿ ತಾಳೆ ನೋಡಬೇಕು, ಹಳೆಯ ಸಿಡಿ ಒಯ್ಯದಿದ್ದರೆ ಅಲ್ಲೇ ನಿಲ್ಲುತ್ತದೆ. ಬಯಾಪ್ಸಿಯಾದರೆ ಇನ್ನೂ ನಿಧಾನ: ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, 3ರಿಂದ 5 ಮೈಕ್ರಾನಿನಷ್ಟು ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡುತ್ತಾರೆ. ರೋಗದ ಬಗೆ ತಿಳಿಯಲು ಬೇರೆ ಬಣ್ಣಗಳು ಬೇಕಾದರೆ ಮತ್ತೆ ಕೆಲವು ದಿನ. ಇದನ್ನು ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ ಅಕ್ಕನ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ನಾಲ್ಕನೆಯ ದಿನ ರಾತ್ರಿ ಒಂಬತ್ತಕ್ಕೆ ವಾಟ್ಸಾಪಿಗೆ ಪಿಡಿಎಫ್ ಬಂತು. ಡಾಕ್ಟರ ಭೇಟಿ ಮರುದಿನ. ಡಿಗ್ರಿ ಓದುವ ಅಳಿಯ ಬಿಚ್ಚಿ ಓದಿದ. ಇಂಗ್ಲಿಷಿನಲ್ಲಿ 'ಬ್ರೇನ್', ಅದರ ಮುಂದೆ 'ಅಪ್‌ಟೇಕ್', ಅಂದರೆ ಮದ್ದು ಹೀರಿಕೊಂಡಿದೆ ಎಂದು. ಕೆಳಗೆ ಮೂತ್ರಕೋಶದ ಹೆಸರಿನ ಮುಂದೆಯೂ ಅದೇ ಪದ. ತಲೆಗೂ ಹರಡಿದೆ, ಕೆಳಗೂ ಇಳಿದಿದೆ ಎಂದುಕೊಂಡೆವು. ಯಾರೂ ಉಣ್ಣಲಿಲ್ಲ. ಅಕ್ಕ ಕಪಾಟಿನ ಕೀಲಿ ತಂದು ನನ್ನ ಕೈಗಿಟ್ಟಳು.

ಮರುದಿನ ಡಾಕ್ಟರು ಮೊದಲು ಹೇಳಿದ್ದೇ ಅದನ್ನು. "ಮಿದುಳು ನಡೆಯೋದೇ ಸಕ್ಕರೆ ಮೇಲೆ, ಎಲ್ಲರ ಸ್ಕ್ಯಾನಿನಲ್ಲೂ ಅದು ಹೊಳೀತದ. ಮದ್ದು ಮೂತ್ರದಾಗ ಹೊರಗ ಹೋಗ್ತದ, ಅದಕ್ಕ ಮೂತ್ರಕೋಶನೂ ಹೊಳೀತದ." ಸೋಂಕು, ಕ್ಷಯ, ಮಾಯುತ್ತಿರುವ ಗಾಯ ಕೂಡ ಹೊಳೆಯಬಹುದಂತೆ. ಹೊಳಪೆಲ್ಲ ಕ್ಯಾನ್ಸರ್ ಅಲ್ಲ. ಲಿಂಫೋಮಾಕ್ಕೆ ನೋಡುವುದು 1ರಿಂದ 5ರವರೆಗಿನ ಡೋವಿಲ್ ಅಂಕ. ಅಕ್ಕನದು 2, ಮದ್ದು ಹಿಡಿದಿತ್ತು. ಕೊನೆಯ ಪುಟದಲ್ಲಿದ್ದ ಆ ಅಂಕದವರೆಗೆ ನಾವು ಓದಿರಲೇ ಇಲ್ಲ.

ಬಸ್ಸಿನಲ್ಲಿ ಬರುವಾಗ ಅಕ್ಕನಿಗೆ ಖುಷಿಗಿಂತ ಸಿಟ್ಟು ಹೆಚ್ಚಿತ್ತು. ಕೀಮೋ ಮುಗಿದು ಆರೆಂಟು ವಾರಕ್ಕೆ ಮತ್ತೊಂದು ಸ್ಕ್ಯಾನ್ ಇದೆ ಎಂದು ಡಾಕ್ಟರು ಹೇಳಿದ್ದರು. ನವಲಗುಂದ ದಾಟುವಷ್ಟರಲ್ಲಿ ಆಕೆಯೇ ತೀರ್ಮಾನಿಸಿದಳು: ಸ್ಕ್ಯಾನಿಗೆ ಮೊದಲೇ ರಿಪೋರ್ಟಿನ ದಿನ ಕೇಳುವುದು, ಅದೇ ದಿನಕ್ಕೆ ಡಾಕ್ಟರ ಭೇಟಿ ಗೊತ್ತು ಮಾಡುವುದು, ಫೋನಿಗೆ ಬಂದರೂ ಬಿಚ್ಚದಿರುವುದು, ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದೊಯ್ಯುವುದು. ಫಲಿತಾಂಶ ಕೆಟ್ಟದಿದ್ದರೂ ಡಾಕ್ಟರ ಬಾಯಿಂದಲೇ ಕೇಳಬೇಕು, ಮುಂದೇನು ಎಂಬ ಮಾತು ಆ ಕುರ್ಚಿಯಲ್ಲೇ ಸಿಗುತ್ತದೆ ಎಂದಳು.

ಆ ಸ್ಕ್ಯಾನಿನ ತಾರೀಖು ಗೊತ್ತಾದ ದಿನ ಅಕ್ಕ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ಹುಬ್ಬಳ್ಳಿ, ಸ್ಕ್ಯಾನ್. ಮೂರು ಚೌಕ ಬಿಟ್ಟು, ರಿಪೋರ್ಟ್ ಎಂದು. ಮೊಸರಿಗೆಂದು ಬಂದ ಓಣಿಯ ಹೆಣ್ಣುಮಗಳು ಅದನ್ನು ಓದಿ ಒಂದು ಗಳಿಗೆ ಸುಮ್ಮನೆ ನಿಂತಳು.

"ಯಕ್ಕಾ, ಈ ಮೂರು ದಿವ್ಸ ನಾ ಇಲ್ಲೇ ಬರ್ತೀನಿ. ಇಬ್ರೂ ಕೂಡಿ ರೊಟ್ಟಿ ಬಡಿಯೋಣು."