ತಾರೀಕು ತಪ್ಪಿದರೆ ಹಕ್ಕೂ ತಪ್ಪೀತು

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಪ್ಲಾಸ್ಟಿಕ್ ಚೀಲ ಇರಬಹುದು. ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ನಿಕಾಹ್‌ನಾಮಾ, ಕರೆಂಟ್ ಬಿಲ್ಲು ಎಲ್ಲವೂ ಅದರೊಳಗೇ. ಅಂಥದೇ ಒಂದು ಚೀಲ ಹಿಡಿದುಕೊಂಡು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ದಿನ ಅಸರ್ ನಮಾಝಿನ ಬಳಿಕ ಭಟ್ಕಳದ ನಮ್ಮ ಮನೆಗೆ ಬಂದರು.

"ಆಪಾ, ಇದನ್ನು ಸ್ವಲ್ಪ ಓದಿ ಹೇಳಿ. ನನಗೆ ಉರ್ದು ಬರುತ್ತದೆ, ಕೋರ್ಟಿನ ಕನ್ನಡ ಬರುವುದಿಲ್ಲ" ಎಂದರು.

ಓದಿದೆ. ಅರ್ಜಿದಾರರು ಗೈರುಹಾಜರು. ಅವರ ಪರ ವಕೀಲರೂ ಇಲ್ಲ. ಹಲವು ಅವಕಾಶ ಕೊಟ್ಟರೂ ಸಾಕ್ಷ್ಯ ಒದಗಿಸಿಲ್ಲ. ಪ್ರಕರಣ ನಡೆಸುವ ಆಸಕ್ತಿ ತೋರದ ಕಾರಣ ಅರ್ಜಿ ವಜಾ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಸಕ್ತಿ ಇಲ್ಲ ಎಂದು ನಾನು ಯಾವಾಗ ಹೇಳಿದೆ ಆಪಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತಿದ್ದೇನೆ.

ಮೂರು ಊರು, ಒಂದು ನೋಟಿಸು

ಆಕೆಯ ಪತಿ ಸೆಂಟ್ರಿಂಗ್ ಕೆಲಸಗಾರ. 2022ರ ಮಳೆಗಾಲ ಮುಗಿದ ಮೇಲೆ ಕುಮಟಾದಲ್ಲಿ ಕಟ್ಟಡವೊಂದರ ಎರಡನೇ ಅಂತಸ್ತಿನಿಂದ ಬಿದ್ದು ತೀರಿಕೊಂಡರು. ವಯಸ್ಸು 35. ಸಂಸಾರವಿದ್ದದ್ದು ಹೊನ್ನಾವರದ ಬಾಡಿಗೆ ಮನೆಯಲ್ಲಿ. ಆ ಮನೆ ಬಿಟ್ಟು ಆಕೆ ಮೂವರು ಮಕ್ಕಳೊಂದಿಗೆ ಭಟ್ಕಳದ ತವರಿಗೆ ಬಂದು ಇದ್ದತ್ ಕುಳಿತರು.

ಗುತ್ತಿಗೆದಾರ ಬಂದು 50,000 ರೂಪಾಯಿ ಕೊಟ್ಟು ಛಾಪಾ ಕಾಗದದ ಮೇಲೆ ಸಹಿ ಪಡೆದುಕೊಂಡ. ಆಮೇಲೆ ಯಾರೋ ಸಂಬಂಧಿಕರು ವಕೀಲರನ್ನು ಹಿಡಿದು ಪರಿಹಾರದ ಅರ್ಜಿ ಹಾಕಿಸಿದರು. ಅರ್ಜಿಯಲ್ಲಿದ್ದದ್ದು ಹೊನ್ನಾವರದ ವಿಳಾಸ. ವಕೀಲರ ಗುಮಾಸ್ತರ ಬಳಿ ಇದ್ದದ್ದು ಗಂಡನ ಮೊಬೈಲ್ ನಂಬರು. ನೋಟಿಸು ಖಾಲಿ ಮನೆಯ ಬಾಗಿಲಿಗೆ ಹೋಯಿತು, ಫೋನು ಸ್ವಿಚ್ ಆಫ್ ಎಂದಿತು. ಅಪಘಾತ ಕಂಡಿದ್ದ ಇಬ್ಬರು ಕೆಲಸಗಾರರು ತಮ್ಮ ಊರಿಗೆ ಹೊರಟುಹೋಗಿದ್ದರು. ಹೀಗೆ ತಾರೀಕಿನ ಮೇಲೆ ತಾರೀಕು ಕಳೆದು 2024ರಲ್ಲಿ ಅರ್ಜಿ ವಜಾ ಆಯಿತು.

ಇದರಲ್ಲಿ ಆಕೆಯ ತಪ್ಪೇನೂ ಇಲ್ಲವೇ? ಆಕೆಯೇ ಒಪ್ಪಿಕೊಂಡರು. "ದುಡ್ಡು ತೆಗೆದುಕೊಂಡು ಸಹಿ ಹಾಕಿದ ಮೇಲೆ ಮತ್ತೆ ಕೇಳುವುದು ನಾಚಿಕೆ ಎನಿಸಿತು. ಅದಕ್ಕೇ ವಿಚಾರಿಸಲು ಹೋಗಲಿಲ್ಲ" ಎಂದರು.

ಇದು ಸದಕಾ ಅಲ್ಲ

ಸಹೋದರಿಯರೇ, ನಾವು ಮೊದಲು ತಿದ್ದಿಕೊಳ್ಳಬೇಕಾದದ್ದು ಈ ನಾಚಿಕೆಯನ್ನು. ಕೆಲಸದಿಂದ ಮತ್ತು ಕೆಲಸದ ವೇಳೆಯಲ್ಲಿ ಉಂಟಾದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬುದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮಾತು. 2009ರ ತಿದ್ದುಪಡಿಯಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. ಇದು ಯಾರೋ ಮನಸ್ಸು ಕರಗಿ ಕೊಡುವ ಸದಕಾ ಅಲ್ಲ, ದುಡಿದವನ ಮನೆಯವರ ಹಕ್.

ಎಷ್ಟು ಎಂದು ಲೆಕ್ಕ ಹಾಕೋಣ. ಮರಣವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. 35 ವಯಸ್ಸಿನ ಅಂಕಿ 197.06. 7,500ನ್ನು ಅದರಿಂದ ಗುಣಿಸಿದರೆ 14,77,950 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೂ ದಂಡ. (ಬಡ್ಡಿಯ ವಿಷಯದಲ್ಲಿ ಸಂಶಯವಿದ್ದವರು ತಮ್ಮ ಆಲಿಮರನ್ನು ಕೇಳಿಕೊಳ್ಳಲಿ, ಅದಕ್ಕಾಗಿ ಮೂಲ ಪರಿಹಾರವನ್ನೇ ಬಿಟ್ಟುಬಿಡುವುದು ಬೇಡ.)

ಆ 50,000ದ ಸಹಿಯ ಗತಿ ಏನು? ಮರಣದ ಪರಿಹಾರವನ್ನು ಮಾಲೀಕ ಆಯುಕ್ತರಲ್ಲೇ ಠೇವಣಿ ಇಡಬೇಕು, ನೇರವಾಗಿ ಕೈಗೆ ಕೊಟ್ಟದ್ದನ್ನು ಪರಿಹಾರವೆಂದು ಎಣಿಸುವಂತಿಲ್ಲ ಎನ್ನುತ್ತದೆ ಕಾಯ್ದೆಯ 8ನೇ ಕಲಂ. ಮೂರು ತಿಂಗಳ ಸಂಬಳದಷ್ಟು ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದಕ್ಕೆ 17ನೇ ಕಲಂ ಬೆಲೆ ಕೊಡುವುದಿಲ್ಲ. ಕಾನೂನು ನಮ್ಮ ವಿಧವೆಯರ ಕೈಯನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೂ ನಮಗೇ ಅದರ ಸುದ್ದಿ ಇರಲಿಲ್ಲ.

ವಜಾ ಆಗುವುದು ಹೇಗೆ?

ಪರಿಹಾರದ ಅರ್ಜಿಯನ್ನು ಕೇಳುವವರು ಆಯುಕ್ತರು. ನಮ್ಮ ರಾಜ್ಯದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳು ಈ ಕೆಲಸ ಮಾಡುತ್ತಿದ್ದರು, ಬಳಿಕ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ವಹಿಸಲಾಯಿತು. ಹಾಜರಿಯ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ ಇಲ್ಲಿಗೂ ಅನ್ವಯಿಸುತ್ತದೆಂದು 1924ರ ನಿಯಮಗಳು ಹೇಳುತ್ತವೆ. ಅಂದರೆ ಕರೆದಾಗ ಅರ್ಜಿದಾರರ ಕಡೆಯಿಂದ ಯಾರೂ ಇಲ್ಲದಿದ್ದರೆ ಅರ್ಜಿ ವಜಾ ಆಗಬಹುದು. ಅಲ್ಲಿ ನಿಮ್ಮ ಕಷ್ಟ ನಿಜವೋ ಸುಳ್ಳೋ ಎಂಬ ತೀರ್ಪು ಆಗುವುದೇ ಇಲ್ಲ. ನೀವು ಬರಲಿಲ್ಲ, ಅಷ್ಟೇ.

ಇದ್ದತ್ತಿನಲ್ಲಿದ್ದವರು ಏನು ಮಾಡಬೇಕು? ಪತಿ ತೀರಿದವರ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾದರೆ ಹೆರಿಗೆಯವರೆಗೆ. ಅರ್ಜಿ ಹಾಕಲು ಕಾಯ್ದೆ ಕೊಟ್ಟ ಕಾಲ ಎರಡು ವರ್ಷ. ಆದ್ದರಿಂದ ಗಾಬರಿ ಬೇಡ. ಪ್ರತಿ ತಾರೀಕಿಗೂ ನೀವೇ ಹೋಗಬೇಕೆಂದಿಲ್ಲ, ವಕೀಲರು ಹಾಜರಾಗಬಹುದು. ಆಯುಕ್ತರ ಅನುಮತಿಯಿದ್ದರೆ ನೀವು ಅಧಿಕಾರ ಕೊಟ್ಟ ಬೇರೊಬ್ಬರೂ ಹಾಜರಾಗಬಹುದು. ನಿಜವಾದ ಅಗತ್ಯಕ್ಕೆ ಹಗಲಿನಲ್ಲಿ ಹೊರಗೆ ಹೋಗಿ ಬರಲು ಫಿಕ್ಹ್‌ನ ವಿದ್ವಾಂಸರೂ ಅನುಮತಿ ಕೊಟ್ಟಿದ್ದಾರೆ. ಇದ್ದತ್ ಎಂದರೆ ಹಕ್ಕನ್ನು ಮರೆತು ಕೂರುವುದಲ್ಲ.

ಇನ್ನೊಂದು ಮಾತು. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂಬ ನಿಯಮವಿಲ್ಲ. ಹಕ್ಕುದಾರರು ವಾಸವಾಗಿರುವ ಪ್ರದೇಶದ ಆಯುಕ್ತರ ಬಳಿಯೂ ಹಾಕಬಹುದು. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರು. ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಟ್ಟು, ಬಸ್ಸು ಹಿಡಿದು ಹೋದರೆ "ಇವತ್ತು ಮುಂದಕ್ಕೆ ಹೋಗಿದೆ" ಎಂಬ ಉತ್ತರ. ಅರ್ಜಿ ಹಾಕುವ ಮೊದಲೇ ಈ ಅಲೆದಾಟವನ್ನು ಯೋಚಿಸಿ.

ವಜಾ ಆದ ಮೇಲೆ

ಬಾಗಿಲು ಪೂರ್ತಿ ಮುಚ್ಚಿತೆಂದು ತಿಳಿಯಬೇಡಿ. ಅರ್ಜಿಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಅದೇ ಆಯುಕ್ತರಲ್ಲಿ ಕೇಳಬಹುದು. ವಜಾ ಆದ 30 ದಿನದೊಳಗೆ ಕೇಳಬೇಕು. ತಡವಾಗಿದ್ದರೆ ಏಕೆ ತಡವಾಯಿತೆಂದು ಪ್ರಮಾಣಪತ್ರ ಬರೆದು ವಿಳಂಬ ಮನ್ನಿಸಲು ಬೇಡಿಕೊಳ್ಳಬೇಕು. ಹಿಂತಿರುಗಿದ ಅಂಚೆ ಲಕೋಟೆ, ಆಸ್ಪತ್ರೆಯ ಚೀಟಿ, ಮನೆ ಬದಲಿಸಿದ ದಾಖಲೆ ಇವೆಲ್ಲ ಆಗ ಬೇಕಾಗುತ್ತವೆ.

ವಕೀಲರು ಬಾರದೆ ಕಕ್ಷಿದಾರ ಕೆಟ್ಟರೆ? 1981ರಲ್ಲಿ ರಫೀಕ್ ಮತ್ತು ಮುನ್ಷಿಲಾಲ್ ಎಂಬವರ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂತು. ಅದು ಪರಿಹಾರದ ಪ್ರಕರಣವಲ್ಲ. ಆದರೆ ವಕೀಲರ ಗೈರುಹಾಜರಿಯಿಂದ ಅಲಹಾಬಾದ್ ಹೈಕೋರ್ಟಿನಲ್ಲಿ ರಫೀಕ್‌ರ ಮೇಲ್ಮನವಿ ವಜಾ ಆಗಿತ್ತು. ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು, ನಂಬಿ ಊರಿಗೆ ಹೋದ ಹಳ್ಳಿಯವನನ್ನು ವಕೀಲರ ತಪ್ಪಿಗೆ ಶಿಕ್ಷಿಸಬಾರದೆಂದು ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಮತ್ತೆ ವಿಚಾರಣೆಗೆ ಕಳಿಸಿತು. ಖರ್ಚಿನ 200 ರೂಪಾಯಿಯನ್ನು ಗೈರಾದ ವಕೀಲರಿಂದ ವಸೂಲು ಮಾಡಲು ಹೇಳಿತು. ಹಾಗೆಂದು ಪ್ರತಿ ಬಾರಿಯೂ ಕ್ಷಮೆ ಸಿಗುತ್ತದೆಂದು ಕೈಕಟ್ಟಿ ಕೂರುವಂತಿಲ್ಲ. ನಮ್ಮ ಪಾಲಿನದ್ದನ್ನು ನಾವು ಮಾಡಿದ್ದೆವು ಎಂದು ತೋರಿಸಬೇಕಾಗುತ್ತದೆ.

ಇಂದೇ ಮಾಡಬಹುದಾದದ್ದು

ಅರ್ಜಿಯಲ್ಲಿ ನೀವು ನಿಜವಾಗಿ ಇರುವ ಮನೆಯ ವಿಳಾಸವನ್ನೂ ನಿಮ್ಮದೇ ಫೋನ್ ನಂಬರನ್ನೂ ಬರೆಸಿ. ಮನೆ ಬದಲಾದರೆ ವಕೀಲರಿಗೆ ಲಿಖಿತವಾಗಿ ತಿಳಿಸಿ. ಪ್ರಕರಣದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಕನ್ನು ನಿಮ್ಮ ಹೈಸ್ಕೂಲ್ ಮಗಳೇ ನೋಡಿ ಹೇಳಬಲ್ಲಳು. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಸಂಬಳ ಜಮೆಯಾದ ಪಾಸ್‌ಬುಕ್, ಮೇಸ್ತ್ರಿಯ ಹಾಜರಿ ಪುಸ್ತಕದ ಪ್ರತಿ, ಜೊತೆ ಕೆಲಸಗಾರರ ಊರು ಮತ್ತು ಫೋನ್ ನಂಬರು, ಇವನ್ನು ಮೊದಲ ವಾರದಲ್ಲೇ ಮನೆಯ ಗಂಡಸರು ಸಂಗ್ರಹಿಸಲಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಉಂಟು. ಸಹಾಯವಾಣಿ 15100.

2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಸುರಕ್ಷಾ ಸಂಹಿತೆ ಬಂದಿದೆ. ಆಯುಕ್ತರ ಸ್ಥಾನದಲ್ಲಿ ಸಕ್ಷಮ ಪ್ರಾಧಿಕಾರವಿದೆ. ಹೆಸರು ಬದಲಾದರೂ ಅಪಘಾತಕ್ಕೆ ಮಾಲೀಕನ ಹೊಣೆ ಹಾಗೆಯೇ ಇದೆ, ಅರ್ಜಿ ಹಾಕಿ ಬೆನ್ನು ಹತ್ತುವ ನಮ್ಮ ಹೊಣೆಯೂ ಹಾಗೆಯೇ ಇದೆ.

ಆ ತಾಯಿ ಸಮಿತಿಯ ವಕೀಲರ ಮೂಲಕ ಅರ್ಜಿಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳುವಂತೆ ಕೇಳಿದ್ದಾರೆ. ತೀರ್ಮಾನ ಇನ್ನೂ ಆಗಿಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. "ಮಗಳು ಹಾಕಿದ್ದು ಆಪಾ. ಅವತ್ತು ಅವಳೂ ನನ್ನ ಜೊತೆ ಬರುತ್ತಾಳೆ" ಎಂದರು.

ನಿಮ್ಮ ನೆರೆಯಲ್ಲಿ ಇಂಥ ಮನೆಯಿದ್ದರೆ ಊಟದ ಬುತ್ತಿಯೊಂದಿಗೆ ಈ ಒಂದು ಪ್ರಶ್ನೆಯನ್ನೂ ಒಯ್ಯಿರಿ: ಮುಂದಿನ ತಾರೀಕು ಯಾವಾಗ?