ನಿಮಗಿದು ಗೊತ್ತೇ? ಯುದ್ಧ ಬೇಡ ಎಂದ ಪತ್ರಿಕೆಗಳು

ಕೆಂಪು ಶಾಯಿಯಲ್ಲೇ ಇಡೀ ಸಂಚಿಕೆ ಅಚ್ಚಾದದ್ದು ಗೊತ್ತೇ? ರಷ್ಯಾ ಮೇಲೆ ಯುದ್ಧ ಆಗಲೇಬೇಕು ಎಂದು ತಮ್ಮ ದಿನಪತ್ರಿಕೆ ರಾಗ ಬದಲಿಸಿದಾಗ ಟೋಕಿಯೊದ ಕೊತೊಕು ಶೂಸುಯಿ, ಸಕಾಯಿ ತೊಶಿಹಿಕೊ ಇಬ್ಬರೂ ಕೆಲಸ ಬಿಟ್ಟು ಹೊರಬಂದರು. 1903ರ ನವೆಂಬರಿನಲ್ಲಿ ‘ಹೈಮಿನ್ ಶಿಂಬುನ್’ ಎಂಬ ವಾರಪತ್ರಿಕೆ ತೆರೆದರು. ಜನಸಾಮಾನ್ಯರ ಪತ್ರಿಕೆ ಎಂದು ಅದರರ್ಥ. ಯುದ್ಧ ಶುರುವಾದ ಮೇಲೂ ‘ಶತ್ರು’ ರಷ್ಯಾದ ಸಮಾಜವಾದಿಗಳಿಗೆ ಬಹಿರಂಗ ಪತ್ರ ಬರೆದರು, ಟಾಲ್‌ಸ್ಟಾಯ್ ಅವರ ಯುದ್ಧವಿರೋಧಿ ಬರಹವನ್ನು ಜಪಾನಿ ಭಾಷೆಗೆ ತಂದರು. ಯುದ್ಧದ ತೆರಿಗೆಯನ್ನು ಟೀಕಿಸಿದ ಸಂಪಾದಕೀಯಕ್ಕೆ ಸಕಾಯಿ ಎರಡು ತಿಂಗಳು ಜೈಲು ಕಂಡರು. 1905ರ ಜನವರಿ 29ರ ಕೊನೆಯ ಸಂಚಿಕೆಯೇ ಆ ಕೆಂಪು ಸಂಚಿಕೆ. 1849ರಲ್ಲಿ ಕಲೋನ್‌ನಲ್ಲಿ ಕಾರ್ಲ್ ಮಾರ್ಕ್ಸ್ ತಮ್ಮ ಪತ್ರಿಕೆಯನ್ನು ಮುಚ್ಚಿದ್ದೂ ಹೀಗೇ, ಕೆಂಪಿನಲ್ಲೇ.

ಅಮೆರಿಕದ ಅಂಚೆ ಇಲಾಖೆಯ ಜಾಣತನ ನೋಡಿ. ‘ದಿ ಮಾಸಸ್’ ಮಾಸಪತ್ರಿಕೆಯ 1917ರ ಆಗಸ್ಟ್ ಸಂಚಿಕೆಯನ್ನು ಅಂಚೆಗೆ ಹಾಕಿಸಿಕೊಳ್ಳಲಿಲ್ಲ. ಆಮೇಲೆ, ಒಂದು ಸಂಚಿಕೆ ತಪ್ಪಿದ್ದರಿಂದ ಇದು ಕ್ರಮವಾಗಿ ಹೊರಡುವ ನಿಯತಕಾಲಿಕವೇ ಅಲ್ಲ ಎಂದು ಅಂಚೆ ರಿಯಾಯಿತಿಯನ್ನೇ ಕಿತ್ತುಕೊಂಡಿತು! ಸಂಪಾದಕರ ಮೇಲೆ 1918ರಲ್ಲಿ ಎರಡು ಬಾರಿ ವಿಚಾರಣೆ ನಡೆದರೂ ಎರಡು ಬಾರಿಯೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರೋಪಿಗಳಲ್ಲೊಬ್ಬರಾದ ವ್ಯಂಗ್ಯಚಿತ್ರಕಾರ ಆರ್ಟ್ ಯಂಗ್ ಕೋರ್ಟಿನಲ್ಲೇ ನಿದ್ದೆ ಹೋದರು. ಎದ್ದಮೇಲೆ ಆ ನಿದ್ದೆಯದ್ದೂ ಒಂದು ಚಿತ್ರ ಬರೆದರು.

1914ರ ಶರತ್ಕಾಲದವರೆಗೂ ಇಟಲಿಯ ಸಮಾಜವಾದಿ ದಿನಪತ್ರಿಕೆ ‘ಅವಾಂತಿ’ಯಲ್ಲಿ ಯುದ್ಧ ಬೇಡ ಎಂದು ಬರೆಯುತ್ತಿದ್ದ ಸಂಪಾದಕ ಯಾರು? ಬೆನಿಟೊ ಮುಸ್ಸೋಲಿನಿ. ಹೆಚ್ಚಿಗೆ ಹೇಳುವುದೇನಿದೆ.

ಆಸ್ಟ್ರೇಲಿಯಾದಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಬೇಕೇ ಎಂದು 1916ರಲ್ಲೊಮ್ಮೆ, 1917ರಲ್ಲೊಮ್ಮೆ ಜನರನ್ನೇ ಕೇಳಿದರು. ಎರಡು ಸಲವೂ ಜನ ಬೇಡ ಎಂದರು. ನಡುವೆ ನಡೆದದ್ದು ಇನ್ನೂ ಸ್ವಾರಸ್ಯ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರೀಮಿಯರ್ ರಯಾನ್ ಅವರ ಭರ್ತಿ ವಿರೋಧಿ ಮಾತಿಗೆ ಸೆನ್ಸಾರ್ ಕತ್ತರಿ ಹಾಕಿದಾಗ, ಅವರು ಅದನ್ನೇ ಶಾಸನಸಭೆಯಲ್ಲಿ ಮತ್ತೆ ಆಡಿ ನಡಾವಳಿಯಲ್ಲಿ ಅಚ್ಚಾಗುವಂತೆ ನೋಡಿಕೊಂಡರು. ಪ್ರಧಾನಿ ಹ್ಯೂಸ್ ಸೈನಿಕರೊಡನೆ ಬ್ರಿಸ್ಬೇನಿನ ಸರ್ಕಾರಿ ಮುದ್ರಣಾಲಯದ ಮೇಲೇ ದಾಳಿ ಮಾಡಿ ಪ್ರತಿಗಳನ್ನು ಎತ್ತಿಕೊಂಡು ಹೋದರು. ಒಂದು ಸರ್ಕಾರ ಇನ್ನೊಂದು ಸರ್ಕಾರದ ಪ್ರೆಸ್ಸಿಗೆ ನುಗ್ಗುವುದು ದಿನಾ ಕಾಣುವ ನೋಟವಲ್ಲ.

ಬ್ರಿಟನ್ನಿನಲ್ಲಿ ಕಡ್ಡಾಯ ಭರ್ತಿಗೆ ಒಪ್ಪದವರ ವಾರಪತ್ರಿಕೆ ‘ದಿ ಟ್ರಿಬ್ಯೂನಲ್’. ಅದರಲ್ಲಿ ಬರೆದ ಒಂದು ಲೇಖನಕ್ಕೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೆ 1918ರಲ್ಲಿ ಆರು ತಿಂಗಳ ಸಜೆಯಾಯಿತು. ಜೈಲಿನ ಬಾಗಿಲಲ್ಲಿ ಧರ್ಮ ಯಾವುದು ಎಂದು ಕೇಳಿದರಂತೆ. ಅಜ್ಞೇಯವಾದಿ ಎಂದರು ರಸೆಲ್. ಪದದ ಕಾಗುಣಿತ ಕೇಳಿ ಬರೆದುಕೊಂಡ ಸಿಬ್ಬಂದಿ, ಧರ್ಮ ಎಷ್ಟೇ ಇದ್ದರೂ ಎಲ್ಲರೂ ಪೂಜಿಸುವುದು ಒಬ್ಬ ದೇವರನ್ನೇ ಅಲ್ಲವೇ ಎಂದು ನಿಟ್ಟುಸಿರಿಟ್ಟನಂತೆ! ಒಳಗೆ ಕೂತು ರಸೆಲ್ ಗಣಿತದ ತತ್ವಶಾಸ್ತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದು ಮುಗಿಸಿದರು. ಇದೇ ಬಳಗದ ಮುದ್ರಕರ ಹೆಸರು ಹೇಳಲೊಲ್ಲದ ವಯಲೆಟ್ ಟಿಲ್ಲಾರ್ಡ್ ಎಂಬ ಮಹಿಳೆಯೂ ಜೈಲಿಗೆ ಹೋದರು. ಪೊಲೀಸರು ಯಂತ್ರ ಮುರಿದರು, ಪತ್ರಿಕೆ ಗುಟ್ಟಾಗಿ ಬರುತ್ತಲೇ ಇತ್ತು.

1918ರಲ್ಲಿ ಖೇಡಾದ ಹಳ್ಳಿಗಳಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು ಓಡಾಡಿದ ಗಾಂಧೀಜಿಯೇ 1940ರಲ್ಲಿ ವಿನೋಬಾ ಅವರ ಯುದ್ಧವಿರೋಧಿ ಸತ್ಯಾಗ್ರಹದ ಸುದ್ದಿಗೆ ಸರ್ಕಾರ ಅಡ್ಡಬಂದಾಗ ‘ಹರಿಜನ’ ಪತ್ರಿಕೆಯನ್ನು ನಿಲ್ಲಿಸಿಬಿಟ್ಟರು.

ಕೊನೆಗೊಂದು. ಲಂಡನ್ನಿನ ಅರಾಜಕತಾವಾದಿ ಪತ್ರಿಕೆ ‘ವಾರ್ ಕಾಮೆಂಟರಿ’ಯ ನಾಲ್ವರ ಮೇಲೆ 1945ರಲ್ಲಿ ಸೈನಿಕರ ನಿಷ್ಠೆ ಕೆಡಿಸುವ ಒಳಸಂಚಿನ ಆರೋಪ ಬಂತು. ಮೂವರು ಗಂಡಸರಿಗೆ ಒಂಬತ್ತು ತಿಂಗಳು ಸಜೆ. ನಾಲ್ಕನೆಯವರು ಮರಿ ಲೂಯಿಸ್ ಬೆರ್ನೆರಿ, ಆರೋಪಿಗಳಲ್ಲೊಬ್ಬರಾದ ವರ್ನನ್ ರಿಚರ್ಡ್ಸ್ ಅವರ ಹೆಂಡತಿ. ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ, ಒಬ್ಬರೇ ಸೇರಿ ಒಳಸಂಚು ಹೂಡುವುದೆಂತು ಎಂದು ಆಕೆಯನ್ನು ಬಿಟ್ಟುಬಿಟ್ಟರು. ಆಕೆಗೆ ಕೋಪವೋ ಕೋಪ. ಹೊರಗುಳಿದ ಆಕೆ ಜೊತೆಯವರೊಡನೆ ಪತ್ರಿಕೆಯ ಕೆಲಸಕ್ಕೆ ಕೂತರು.