ಹದಿನಾಲ್ಕು ಬಿಡಿಭಾಗ ಒಂದಾದರೆ ಜಾಬ್ ವರ್ಕ್ ಯಾರಿಗೆ?

ಮೊದಲು 565 ಕಿಲೋ ಲೋಹದ ಗಟ್ಟಿ ಮತ್ತು ತಗಡು ತರಿಸಿ, ಕಡೆದು, ಕೊರೆದು, ಬೆಸೆದು ಮಾಡುತ್ತಿದ್ದ ಒಂದು ಎಂಜಿನ್ನಿಗೆ ಈಗ 13.7 ಕಿಲೋ ಲೋಹದ ಪುಡಿ ಸಾಕು. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದಲ್ಲಿ ಕೆಲಸ ಮಾಡುವ ಪಿಎಸ್‌4 ಎಂಜಿನ್ ಅದು. ಇಸ್ರೋದವರು ವಿನ್ಯಾಸವನ್ನೇ ಹೊಸದಾಗಿ ಮಾಡಿದರು. ಬೆಂಗಳೂರಿನ ವಿಪ್ರೊ 3ಡಿ ಅದನ್ನು ತ್ರೀಡಿ ಪ್ರಿಂಟಿಂಗ್‌ನಲ್ಲಿ ತಯಾರಿಸಿ ಕೊಟ್ಟಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿದು ಪರೀಕ್ಷೆಯಲ್ಲಿ ಗೆದ್ದಿತು. 14 ಬಿಡಿಭಾಗ ಇದ್ದದ್ದು ಒಂದಾಯಿತು, 19 ವೆಲ್ಡಿಂಗ್ ಜೋಡಣೆ ಬೇಡವಾಯಿತು, ತಯಾರಿಕೆಯ ಸಮಯ ಶೇ 60ರಷ್ಟು ಇಳಿಯಿತು.

ಎಲ್ಲರೂ ಉಳಿದ ಲೋಹದ ಲೆಕ್ಕ ಹೇಳಿದರು. ನನ್ನ ಮನಸ್ಸು ನಿಂತದ್ದು ಆ 19 ವೆಲ್ಡಿಂಗ್‌ಗಳ ಮೇಲೆ. ಒಂದೊಂದು ಜೋಡಣೆಯ ಹಿಂದೆಯೂ ನುರಿತ ವೆಲ್ಡರ್ ಇರುತ್ತಾನೆ, ಬಿರುಕು ಹುಡುಕುವ ಎಕ್ಸ್‌-ರೇ ಪರೀಕ್ಷಕಿ ಇರುತ್ತಾಳೆ, ಭಾಗಗಳನ್ನು ಅಲುಗದಂತೆ ಹಿಡಿಯುವ ಫಿಕ್ಸ್‌ಚರ್ ಮಾಡಿಕೊಡುವ ಪುಟ್ಟ ವರ್ಕ್‌ಶಾಪ್ ಇರುತ್ತದೆ. ನಮ್ಮ ಜಿಲ್ಲೆಯ ಉದ್ಯಾವರ, ಕಾಪು, ಕಾರ್ಕಳದ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದರೆ ಸಿಗಬಹುದಾದ ಕೆಲಸಗಳೇ ಇವು. ಮಣಿಪಾಲದ ಎಂಐಟಿಯಲ್ಲಿ ಏರೋನಾಟಿಕಲ್ ಓದುವವರಿಗೂ ಈ ಲೆಕ್ಕ ತಿಳಿದಿರಬೇಕು.

ತ್ರೀಡಿ ಪ್ರಿಂಟಿಂಗ್ ಯಂತ್ರದಿಂದಲೇ ಶುರು ಮಾಡೋಣ. ಹೊರಗಿನಿಂದ ಅದು ಕಬ್ಬಿಣದ ದೊಡ್ಡ ಕಪಾಟಿನಂತೆ ಕಾಣುತ್ತದೆ. ಒಳಗೆ ಆರ್ಗಾನ್ ಅನಿಲ ತುಂಬಿರುತ್ತದೆ. ಕರಗಿದ ಲೋಹಕ್ಕೆ ಆಮ್ಲಜನಕ ತಗುಲಿದರೆ ಅದು ಕೆಡುತ್ತದೆ. ತಳದಲ್ಲಿ ದಪ್ಪ ಲೋಹದ ಫಲಕ. ಒಂದು ಪಟ್ಟಿ ಆಚೆಯಿಂದ ಈಚೆಗೆ ಸರಿದು ಫಲಕದ ಮೇಲೆ ಪುಡಿಯ ಪದರ ಹಾಸುತ್ತದೆ. ದಪ್ಪ 30ರಿಂದ 60 ಮೈಕ್ರಾನ್, ತಲೆಗೂದಲಿಗಿಂತ ತೆಳು. ಮೇಲಿನಿಂದ ಲೇಸರ್ ಕಿರಣ ಬೇಕಾದ ಜಾಗದಲ್ಲಿ ಮಾತ್ರ ಓಡಾಡಿ ಪುಡಿಯನ್ನು ಕರಗಿಸುತ್ತದೆ. ಕರಗಿದ್ದು ಕ್ಷಣಾರ್ಧದಲ್ಲಿ ಗಟ್ಟಿಯಾಗಿ ಕೆಳಗಿನ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಫಲಕ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಪಟ್ಟಿ ಮತ್ತೆ ಪುಡಿ ಹಾಸುತ್ತದೆ. ಹೀಗೆ ಸಾವಿರಾರು ಪದರ. ಕೊನೆಗೆ ಪುಡಿಯ ರಾಶಿಯೊಳಗೆ ಹೂತುಹೋಗಿರುವ ಭಾಗವನ್ನು ಹೊರತೆಗೆದು, ವೈರ್‌ಕಟ್ ಯಂತ್ರದಲ್ಲಿ ಫಲಕದಿಂದ ಬಿಡಿಸುತ್ತಾರೆ.

ಇದರ ಹೆಚ್ಚುಗಾರಿಕೆ ಇರುವುದು ಒಳಗಿನ ದಾರಿಗಳಲ್ಲಿ. ಡ್ರಿಲ್ ಬಿಟ್ ನೇರವಾಗಿ ಮಾತ್ರ ಹೋಗಬಲ್ಲದು. ಇಂಧನ ಬಳುಕಿ ಹರಿಯುವ ದಾರಿ ಬೇಕೆಂದರೆ ಎರಡು ಹೋಳು ಮಾಡಿ, ಒಳಗೆ ಕೊರೆದು, ಮತ್ತೆ ಬೆಸೆಯಬೇಕಿತ್ತು. ಪದರ ಪದರವಾಗಿ ಕಟ್ಟುವ ಯಂತ್ರಕ್ಕೆ ಬಾಗಿದ ದಾರಿಯೂ ನೇರ ದಾರಿಯೂ ಒಂದೇ. ಹೋಳು ಮಾಡುವ ಅಗತ್ಯವೇ ಹೋದರೆ ಅದರ ಬೆನ್ನಿಗೆ ಬೆಳೆದ ಹೊರಗುತ್ತಿಗೆಯ, ಅಂದರೆ ಜಾಬ್ ವರ್ಕ್‌ನ, ಬುಡವೂ ಅಲುಗುತ್ತದೆ. ಬಿಡಿಬಿಡಿಯಾಗಿ ಮಾಡಲು ಬರುವ ವಸ್ತುವನ್ನು ಮಾತ್ರ ಹತ್ತು ಕಡೆ ಹಂಚಿ ಮಾಡಿಸಲು ಸಾಧ್ಯ.

ವಿಮಾನ ಉದ್ಯಮ ನಿಂತಿರುವುದೇ ಹಂಚಿ ಮಾಡಿಸುವುದರ ಮೇಲೆ. ಏರ್‌ಬಸ್ ಎ320ರ ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು ಬೆಂಗಳೂರಿನ ಡೈನಾಮ್ಯಾಟಿಕ್ ಮಾಡುತ್ತದೆ. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವೇ ಇದೆ. ಈ ಹಂಚಿಕೆ ಮಿತಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬೋಯಿಂಗ್ 787 ಸಾಕ್ಷಿ: ರೆಕ್ಕೆ ಜಪಾನಿನಿಂದ, ಒಡಲಿನ ಭಾಗಗಳು ಇಟಲಿಯಿಂದ ಬಂದು ಕೂಡಬೇಕಿತ್ತು. ಪೂರೈಕೆ ಸರಪಳಿ ಹದಕ್ಕೆ ಬರದೆ 2011ರಲ್ಲಿ ಮೊದಲ ವಿಮಾನ ಕೊಂಡವರ ಕೈ ಸೇರುವಾಗ ಮೂರು ವರ್ಷಕ್ಕೂ ಹೆಚ್ಚು ತಡವಾಗಿತ್ತು.

ಹೊಸ ಯಂತ್ರ ಈ ಹಂಚಿಕೆಯನ್ನು ಹೇಗೆ ಹಿಂದಕ್ಕೆಳೆಯುತ್ತದೆ ಎಂಬುದು ಜಿಇ ಕಂಪನಿಯ ನಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂಡಿಗೊ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಹಲವು ವಿಮಾನಗಳಲ್ಲಿರುವ ಲೀಪ್ ಎಂಜಿನ್ನಿನ ಇಂಧನ ನಾಜಲ್ ತುದಿ ಹಳೆಯ ಕ್ರಮದಲ್ಲಾದರೆ ಸುಮಾರು 20 ತುಂಡುಗಳ ಜೋಡಣೆ. ಮುದ್ರಿಸಿದಾಗ ಅದು ಒಂದೇ ತುಂಡಾಯಿತು, ತೂಕ ಕಾಲು ಭಾಗ ಇಳಿಯಿತು. ಈ ಕೆಲಸದಲ್ಲಿ ಜಿಇಗೆ ಹೆಗಲು ಕೊಟ್ಟದ್ದು ಮಾರಿಸ್ ಟೆಕ್ನಾಲಜೀಸ್ ಎಂಬ ಹೊರಗಿನ ಸಣ್ಣ ಕಂಪನಿ. 2012ರಲ್ಲಿ ಜಿಇ ಆ ಕಂಪನಿಯನ್ನೇ ಕೊಂಡುಕೊಂಡಿತು. ಆಮೇಲೆ ಅಲಬಾಮಾದ ಆಬರ್ನ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದು, 2021ರ ಹೊತ್ತಿಗೆ ಅಲ್ಲೇ ಒಂದು ಲಕ್ಷ ನಾಜಲ್ ತುದಿ ಮಾಡಿ ಮುಗಿಸಿತು. 20 ತುಂಡುಗಳ ಸುತ್ತ ಹರಡಿಕೊಳ್ಳಬಹುದಾಗಿದ್ದ ಕೆಲಸ ಒಂದೇ ಸೂರಿನಡಿ ಸೇರಿತು.

ಹಾಗೆಂದು ಎಲ್ಲವೂ ಹೀಗೆ ಮಡಚಿಕೊಳ್ಳುವುದಿಲ್ಲ. ಯಂತ್ರದ ಒಳಗೆ ಹಿಡಿಸುವಷ್ಟನ್ನೇ ಮುದ್ರಿಸಬೇಕು, ಅದೂ ನಿಧಾನ. ಉದ್ದನೆಯ ಬೀಮ್, ರಿವೆಟ್ ಹೊಡೆದು ಕಟ್ಟುವ ಬಾಗಿಲು, ಅಗಲದ ತಗಡು, ಸಾದಾ ಬ್ರಾಕೆಟ್ ಇವೆಲ್ಲ ಹಳೆಯ ರೀತಿಯಲ್ಲೇ ಅಗ್ಗ. ಮೊದಲು ಕೈತಪ್ಪುವುದು ಎಂಜಿನ್ನಿನ ಬಿಸಿ ಭಾಗಗಳು ಮತ್ತು ದ್ರವ ಹರಿಯುವ ಭಾಗಗಳ ಜಾಬ್ ವರ್ಕ್ ಎಂಬುದು ನನ್ನ ಅಂದಾಜು. ಎಚ್‌ಎಎಲ್‌ ಎಂಜಿನ್ ವಿಭಾಗಕ್ಕೆ ವಿಪ್ರೊ 3ಡಿ ಮುದ್ರಿಸಿಕೊಟ್ಟ ನಾಜಲ್ ಗೈಡ್ ವೇನ್ ಕೂಡ ಎಂಜಿನ್ನಿನದೇ ಭಾಗ.

ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ: ಇನ್ನು ಮುಂದೆ ಬಿಡಿಭಾಗ ಸಾಗಿಸುವುದೇ ಬೇಡ, ಫೈಲ್ ಕಳುಹಿಸಿದರೆ ಸಾಕು, ಎಲ್ಲಿ ಬೇಕೋ ಅಲ್ಲಿ ಮುದ್ರಿಸಿಕೊಳ್ಳಬಹುದು. ಇದನ್ನು ನಾನು ಒಪ್ಪುವುದಿಲ್ಲ. ಮಲ್ಪೆಯ ಬೋಟಿನ ಪ್ರೊಪೆಲ್ಲರ್ ಶಾಫ್ಟ್ ಸವೆದರೆ ಲೇತ್ ಇಟ್ಟುಕೊಂಡವರು ಹಳೆಯದನ್ನು ಅಳೆದು ಹೊಸದು ಕಡೆದುಕೊಡುತ್ತಾರೆ, ಬೋಟು ಕಡಲಿಗಿಳಿಯುತ್ತದೆ. ವಿಮಾನದಲ್ಲಿ ಅಳತೆ ಸರಿಯಾದ ಮಾತ್ರಕ್ಕೆ ಮುಗಿಯಲಿಲ್ಲ. ಮುದ್ರಿತ ಭಾಗದಲ್ಲಿ ಆಕಾರವೂ ಲೋಹದ ಗುಣವೂ ಒಂದೇ ಹೊತ್ತಿಗೆ ಹುಟ್ಟುತ್ತವೆ. ಲೇಸರ್‌ನ ಶಕ್ತಿ, ಅದು ಓಡುವ ವೇಗ, ಪುಡಿಯ ಕಣದ ಗಾತ್ರ, ಅದೇ ಪುಡಿಯನ್ನು ಎಷ್ಟು ಸಲ ಮರಳಿ ಬಳಸಿದರು ಎಂಬುದೆಲ್ಲ ಒಳಗೆ ಸೂಕ್ಷ್ಮ ರಂಧ್ರ ಉಳಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಅದಕ್ಕೇ ಒಪ್ಪಿಗೆ ಕೊಡುವವರು, ನಮ್ಮಲ್ಲಿ ಸೇನಾ ವಿಮಾನಗಳಿಗಾದರೆ ಬೆಂಗಳೂರಿನ ಸೆಮಿಲ್ಯಾಕ್, ನಕ್ಷೆಯ ಜೊತೆಗೆ ಇಡೀ ತಯಾರಿಕಾ ಕ್ರಮವನ್ನು ಪರೀಕ್ಷಿಸುತ್ತಾರೆ. ಬೇರೊಂದು ಯಂತ್ರಕ್ಕೆ ಕೆಲಸ ಬದಲಾಯಿಸಿದರೆ ಮಾದರಿ ಸರಳುಗಳನ್ನು ಮುದ್ರಿಸಿ, ಎಳೆದು ತುಂಡರಿಸಿ, ಬಲವನ್ನು ಮತ್ತೆ ಸಾಬೀತು ಮಾಡಬೇಕು. ಒಮ್ಮೆ ಒಪ್ಪಿಗೆ ಪಡೆದ ಪೂರೈಕೆದಾರನನ್ನು ಬದಲಿಸುವುದು ಇದರಿಂದ ಇನ್ನಷ್ಟು ಕಷ್ಟವಾಗುತ್ತದೆ.

ಹಾಗಾದರೆ ಹೊರಗೆ ಕೊಡುವ ಕೆಲಸ ಯಾವುದು? ಒಂದು, ಪುಡಿ. ಟೈಟಾನಿಯಂ ಪುಡಿಯನ್ನೇ ತೆಗೆದುಕೊಳ್ಳಿ: ಅದರ ಅದಿರು ನಮ್ಮದೇ ಪಡುಗಡಲ ದಡದಲ್ಲಿ, ಕೇರಳದ ಚವರದ ಕಪ್ಪು ಮರಳಿನಲ್ಲಿದೆ. ಅದರಿಂದ ಟೈಟಾನಿಯಂ ಸ್ಪಂಜ್ ಎಂಬ ಕಚ್ಚಾ ಲೋಹ ಮಾಡುವ ಘಟಕವೂ ಅಲ್ಲೇ ಇದೆ. ಸ್ಪಂಜಿನಿಂದ ವಿಮಾನಕ್ಕೆ ಒಗ್ಗುವ ಗುಂಡನೆಯ ಕಣಗಳವರೆಗಿನ ದಾರಿ ದೊಡ್ಡ ಉದ್ಯಮಕ್ಕೆ ಸಾಕಾಗುವಷ್ಟು ಉದ್ದ. ಇನ್ನೊಂದು, ಮುದ್ರಣ ಮುಗಿದ ಮೇಲಿನ ಕೆಲಸ. ಯಂತ್ರದಿಂದ ಬಂದ ಭಾಗದ ಮೈ ತರಿತರಿಯಾಗಿರುತ್ತದೆ. ಒಳಗಿನ ಸೆಳೆತ ಹೋಗಲು ಅದನ್ನು ಕುಲುಮೆಯಲ್ಲಿ ಕಾಯಿಸಬೇಕು, ಮುದ್ರಿಸುವಾಗ ಭಾಗಕ್ಕೆ ಆಧಾರವಾಗಿದ್ದ ಕಡ್ಡಿಗಳನ್ನು ಕತ್ತರಿಸಬೇಕು, ಇನ್ನೊಂದಕ್ಕೆ ಕೂಡುವ ಮೈಯನ್ನು ಸಿಎನ್‌ಸಿಯಲ್ಲಿ ನಯಗೊಳಿಸಬೇಕು, ಸಿಟಿ ಸ್ಕ್ಯಾನ್ ಮಾಡಿ ಒಳಗೆ ಪೊಳ್ಳಿಲ್ಲವೆಂದು ನೋಡಬೇಕು. ಬೆಂಗಳೂರಿನ ಪೀಣ್ಯದಲ್ಲಾಗಲಿ ನಮ್ಮ ಜಿಲ್ಲೆಯಲ್ಲಾಗಲಿ ವರ್ಕ್‌ಶಾಪ್ ಇಟ್ಟುಕೊಂಡವರು ಕೋಟಿಗಟ್ಟಲೆ ಸಾಲ ಮಾಡಿ ಪ್ರಿಂಟರ್ ತರುವ ಮುನ್ನ ಒಳ್ಳೆಯ ವೈರ್‌ಕಟ್, ಐದು ಅಕ್ಷದ ಮಿಲ್ಲಿಂಗ್ ಮತ್ತು ಅಳತೆಯ ಯಂತ್ರಕ್ಕೆ ಹಣ ಹಾಕುವುದು ಮೇಲು. ನಮ್ಮ ಕಡೆಯಿಂದ ಐಟಿಐಗೆ ಸೇರುವವರು ವೆಲ್ಡಿಂಗ್ ಕಲಿತ ಕೈಗೆ ಲೋಹದ ತಪಾಸಣೆಯ ತರಬೇತಿಯನ್ನೂ ಜೋಡಿಸಿಕೊಂಡರೆ, ಆ ಹತ್ತೊಂಬತ್ತು ಜೋಡಣೆ ಇಲ್ಲದ ಎಂಜಿನ್ನಿನಲ್ಲೂ ಅವರಿಗೆ ಕೆಲಸ ಉಂಟು.